ಆತ್ಮಸಾಕ್ಷಿಗೆ ಓಗೊಟ್ಟ ರಾಜತಾಂತ್ರಿಕ ಅರಿಸ್ಟಿಡಿಸ್ ಡಿ ಸೋಜ ಮೆಂಡಿಸ್

ಎರಡನೇ ಮಹಾಯುದ್ಧದ ಕಾಲದಲ್ಲಿ ಯೆಹೂದ್ಯರ ಪ್ರಾಣ ಉಳಿಸಿದವರು ಯಾರೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರುವುದು ಆಸ್ಕರ್ ಶಿಂಡ್ಲರ್ ಹೆಸರು. 1993ರಲ್ಲಿ ತೆರೆಕಂಡ ಚಲನಚಿತ್ರ ಆ ಹೆಸರನ್ನು ಲೋಕದ ಮೂಲೆಮೂಲೆಗೂ ತಲುಪಿಸಿತು. ಆದರೆ ಶಿಂಡ್ಲರ್ ತನ್ನ ಕಾರ್ಖಾನೆಯ ಕೆಲಸಗಾರರನ್ನು ಉಳಿಸುವುದಕ್ಕೆ ಕೆಲವು ವರ್ಷ ಮೊದಲೇ, 1940ರ ಜೂನ್ ತಿಂಗಳಲ್ಲಿ, ಫ್ರಾನ್ಸ್ ದೇಶದ ಬೋರ್ಡೋ ನಗರದಲ್ಲಿ ಪೋರ್ಚುಗಲ್‌ನ ಅಧಿಕಾರಿಯೊಬ್ಬರು ಕೆಲವೇ ದಿನಗಳಲ್ಲಿ ಸಾವಿರಾರು ಜನರಿಗೆ ಬದುಕುವ ದಾರಿ ತೆರೆದುಕೊಟ್ಟಿದ್ದರು. ಅವರ ಕೈಯಲ್ಲಿದ್ದದ್ದು ಒಂದು ಪೆನ್ನು ಮತ್ತು ಒಂದು ಮೊಹರು ಮಾತ್ರ. ಅದಕ್ಕಾಗಿ ಅವರು ತೆತ್ತದ್ದು ತಮ್ಮ ಉದ್ಯೋಗ, ಆಸ್ತಿ, ಮಾನ, ಮಕ್ಕಳ ಭವಿಷ್ಯ ಎಲ್ಲವನ್ನೂ. ಅವರೇ ಅರಿಸ್ಟಿಡಿಸ್ ಡಿ ಸೋಜ ಮೆಂಡಿಸ್.

ಕರಾವಳಿಯ ನಮಗೆ ಸೋಜ ಎಂಬ ಅಡ್ಡಹೆಸರು ಹೊಸತಲ್ಲ. ಪೋರ್ಚುಗೀಸರ ಕಾಲದಲ್ಲಿ ಗೋವಾದ ಮೂಲಕ ನಮ್ಮ ಹಿರಿಯರಿಗೆ ಬಂದ ಹೆಸರುಗಳಲ್ಲಿ ಅದೂ ಒಂದು. ಹಾಗಿದ್ದೂ ಈ ಹೆಸರಿನ ಮಹನೀಯರ ಕಥೆ ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚು ಕೇಳಿಬಂದಿಲ್ಲ. ಅವರ ಸ್ವಂತ ದೇಶದಲ್ಲೂ ಸುಮಾರು ನಾಲ್ಕು ದಶಕಗಳ ಕಾಲ ಅವರ ಹೆಸರನ್ನು ಎತ್ತುವವರಿರಲಿಲ್ಲ.

ಬಾಲ್ಯ ಮತ್ತು ಕುಟುಂಬ

ಅರಿಸ್ಟಿಡಿಸ್ ಜನಿಸಿದ್ದು 1885ರ ಜುಲೈ 19ರಂದು, ಪೋರ್ಚುಗಲ್‌ನ ವಿಸೇವು ಜಿಲ್ಲೆಯ ಕಬಾನಸ್ ದೆ ವಿರಿಯಾತೊ ಎಂಬ ಹಳ್ಳಿಯಲ್ಲಿ. ಅವರ ಜೊತೆ ಹುಟ್ಟಿದ ಅವಳಿ ಸಹೋದರ ಸೆಝಾರ್. ತಂದೆ ನ್ಯಾಯಾಧೀಶರು. ಮನೆತನ ಜಮೀನು, ಪ್ರತಿಷ್ಠೆ ಎರಡೂ ಇದ್ದ ಸಂಪ್ರದಾಯಸ್ಥ ಕಥೋಲಿಕ ಮನೆತನ. ಸಹೋದರರಿಬ್ಬರೂ ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1907ರಲ್ಲಿ ಪದವಿ ಪಡೆದರು. ಇಬ್ಬರೂ ವಿದೇಶಾಂಗ ಸೇವೆಗೆ ಸೇರಿದರು. ಸೆಝಾರ್ ಮುಂದೆ 1932ರಲ್ಲಿ ಸ್ವಲ್ಪ ಕಾಲ ದೇಶದ ವಿದೇಶಾಂಗ ಮಂತ್ರಿಯೂ ಆಗಿದ್ದರು.

ಅರಿಸ್ಟಿಡಿಸ್ ತಮ್ಮ ಸಂಬಂಧಿಯೇ ಆದ ಆಂಜೆಲಿನಾ ಅವರನ್ನು ವಿವಾಹವಾದರು. ದಂಪತಿಗೆ ಹದಿನಾಲ್ಕು ಮಕ್ಕಳು. ಮನೆಯಲ್ಲಿ ಪ್ರಾರ್ಥನೆ, ಸಂಗೀತ, ಅತಿಥಿಸತ್ಕಾರ ಯಾವುದಕ್ಕೂ ಕೊರತೆ ಇರಲಿಲ್ಲ. ಇಷ್ಟು ದೊಡ್ಡ ಸಂಸಾರ ಒಂದು ಕಾರಿನಲ್ಲಿ ಹಿಡಿಸುವುದಿಲ್ಲವೆಂದು ಅವರು ಸಣ್ಣ ಬಸ್ಸಿನಂತಹ ವಾಹನವನ್ನೇ ಮಾಡಿಸಿಕೊಂಡಿದ್ದರು. ಊರಿನಲ್ಲಿದ್ದ ಪಸ್ಸಾಲ್ ಎಂಬ ಹೆಸರಿನ ದೊಡ್ಡ ಬಂಗಲೆಯ ಎದುರು ಕ್ರಿಸ್ತರಾಜರ ಪ್ರತಿಮೆಯನ್ನು ನಿಲ್ಲಿಸಿದ್ದರು.

ಕಾನ್ಸುಲ್ ಆಗಿ ಅವರು ಸುತ್ತಿದ ದೇಶಗಳು ಅನೇಕ. ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾ, ಆಫ್ರಿಕಾದ ಝಂಝಿಬಾರ್, ಬ್ರೆಜಿಲ್, ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ, ಸ್ಪೇನಿನ ವಿಗೊ, ಅನಂತರ 1929ರಿಂದ ಬೆಲ್ಜಿಯಂನ ಆಂಟ್‌ವರ್ಪ್. ಝಂಝಿಬಾರಿನಲ್ಲಿ ಅಂದು ಗೋವಾ ಮೂಲದ ಕಥೋಲಿಕರ ದೊಡ್ಡ ಸಮುದಾಯವೇ ನೆಲೆಸಿತ್ತು. ಗೋವಾ ಪೋರ್ಚುಗೀಸರ ಅಧೀನದಲ್ಲಿದ್ದ ಕಾರಣ ಅವರ ಕಾಗದಪತ್ರಗಳ ಕೆಲಸವೂ ಪೋರ್ಚುಗಲ್ ಕಾನ್ಸುಲರ ಪಾಲಿಗೇ ಬರುತ್ತಿತ್ತು. ಬೆಲ್ಜಿಯಂನಲ್ಲಿ ಅವರು ಸುಮಾರು ಒಂಬತ್ತು ವರ್ಷ ಇದ್ದರು. ಸುಖದ ದಿನಗಳ ನಡುವೆಯೇ ಅಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡ ದುಃಖವನ್ನೂ ಕುಟುಂಬ ಅನುಭವಿಸಿತು.

ಅರಿಸ್ಟಿಡಿಸ್ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವ ಅಧಿಕಾರಿಯೇನೂ ಆಗಿರಲಿಲ್ಲ. ಕೈ ಬಿಚ್ಚಿ ಖರ್ಚು ಮಾಡುವ ಸ್ವಭಾವ ಅವರದು. ಸೇವಾವಧಿಯಲ್ಲಿ ಮೇಲಧಿಕಾರಿಗಳ ಅಸಮಾಧಾನಕ್ಕೂ ಗುರಿಯಾಗಿದ್ದರು. ರಾಜಪ್ರಭುತ್ವದ ಪರವಾಗಿದ್ದ ಕಾರಣಕ್ಕೆ ಹಿಂದೊಮ್ಮೆ ಅಮಾನತಿನಲ್ಲಿದ್ದದ್ದೂ ಉಂಟು. 1938ರಲ್ಲಿ ಅವರಿಗೆ ಫ್ರಾನ್ಸಿನ ಬೋರ್ಡೋಗೆ ವರ್ಗವಾಯಿತು. ಆಗ ಅವರಿಗೆ 53 ವರ್ಷ. ಇನ್ನು ಕೆಲವು ವರ್ಷ ಕಳೆದರೆ ನಿವೃತ್ತಿ, ಪಿಂಚಣಿ, ಊರಿನ ಮನೆ. ಎಲ್ಲವೂ ಹಾಗೆಯೇ ನಡೆಯಬೇಕಿತ್ತು.

ಹದಿನಾಲ್ಕನೆಯ ಸುತ್ತೋಲೆ

ಆ ಕಾಲದಲ್ಲಿ ಪೋರ್ಚುಗಲನ್ನು ಆಳುತ್ತಿದ್ದವರು ಆಂತೊನಿಯೊ ಸಲಝಾರ್. ಪ್ರಧಾನಿಯೂ ಅವರೇ, ವಿದೇಶಾಂಗ ಮಂತ್ರಿಯೂ ಅವರೇ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಪೋರ್ಚುಗಲ್ ತಟಸ್ಥವಾಗಿ ಉಳಿಯಿತು. ಹಿಟ್ಲರನ ಕೋಪಕ್ಕೂ ಗುರಿಯಾಗಬಾರದು, ಬ್ರಿಟನ್ನಿನ ಹಳೆಯ ಸ್ನೇಹವನ್ನೂ ಬಿಡಬಾರದು ಎಂಬುದು ಸಲಝಾರರ ಲೆಕ್ಕಾಚಾರ. ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸುವುದು ಅವರಿಗೆ ಬೇಕಿರಲಿಲ್ಲ.

1939ರ ನವೆಂಬರ್ 11ರಂದು ಲಿಸ್ಬನ್ನಿನಿಂದ ಎಲ್ಲಾ ಕಾನ್ಸುಲರಿಗೆ ಒಂದು ಸುತ್ತೋಲೆ ಹೋಯಿತು. ಅದರ ಸಂಖ್ಯೆ 14. ರಾಷ್ಟ್ರೀಯತೆ ಸ್ಪಷ್ಟವಿಲ್ಲದವರು, ಯಾವುದೇ ದೇಶದ ಪೌರತ್ವ ಇಲ್ಲದವರು, ತಮ್ಮ ದೇಶಗಳಿಂದ ಹೊರಹಾಕಲ್ಪಟ್ಟ ಯೆಹೂದ್ಯರು, ಇಂತಹವರಿಗೆ ಲಿಸ್ಬನ್ನಿನ ಪೂರ್ವಾನುಮತಿ ಇಲ್ಲದೆ ವೀಸಾ ಕೊಡಬಾರದು ಎಂಬುದು ಅದರ ಸಾರಾಂಶ. ಕಾಗದದ ಮೇಲೆ ಇದು ಸಾಮಾನ್ಯ ಆಡಳಿತ ಆದೇಶದಂತೆ ಕಾಣುತ್ತದೆ. ಆದರೆ ನಾಝಿಗಳ ಕೈಯಿಂದ ತಪ್ಪಿಸಿಕೊಂಡು ಓಡುತ್ತಿದ್ದವರಲ್ಲಿ ಹೆಚ್ಚಿನವರು ಇದೇ ಪಟ್ಟಿಗೆ ಸೇರಿದವರು. ಅನುಮತಿ ಕೇಳಿ ತಂತಿ ಕಳುಹಿಸಿ ಉತ್ತರಕ್ಕೆ ಕಾಯುವಷ್ಟು ಸಮಯ ಅವರಿಗಿರಲಿಲ್ಲ.

ಸುತ್ತೋಲೆ ಬಂದು ಕೆಲವೇ ದಿನಗಳಲ್ಲಿ ಅರಿಸ್ಟಿಡಿಸ್ ಅದನ್ನು ಮೀರಿದರು. ಆಸ್ಟ್ರಿಯಾದ ಯೆಹೂದ್ಯ ಪ್ರಾಧ್ಯಾಪಕ ಆರ್ನಾಲ್ಡ್ ವಿಝ್ನಿಟ್ಝರ್ ಅವರಿಗೆ ಅನುಮತಿಗೆ ಕಾಯದೆ ವೀಸಾ ನೀಡಿದರು. ವೀಸಾ ಕೊಡದಿದ್ದರೆ ಅವರನ್ನು ಬಂಧನ ಶಿಬಿರಕ್ಕೆ ಕಳುಹಿಸುತ್ತಿದ್ದರು ಎಂದು ಬಳಿಕ ವಿವರಣೆ ಕೊಟ್ಟರು. 1940ರ ಮಾರ್ಚಿನಲ್ಲಿ ಸ್ಪೇನಿನ ನಿರಾಶ್ರಿತರೊಬ್ಬರ ವಿಷಯದಲ್ಲೂ ಹೀಗೆಯೇ ಆಯಿತು. ಏಪ್ರಿಲ್ ತಿಂಗಳಲ್ಲಿ ಲಿಸ್ಬನ್ನಿನಿಂದ ಎಚ್ಚರಿಕೆ ಬಂತು. ಇನ್ನೊಮ್ಮೆ ಆದೇಶ ಮೀರಿದರೆ ಶಿಸ್ತುಕ್ರಮ ಖಂಡಿತ ಎಂಬುದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು. ಮುಂದೆ ಅವರು ಮಾಡಿದ್ದನ್ನು ಅರ್ಥಮಾಡಿಕೊಳ್ಳಲು ಈ ಅಂಶ ಮುಖ್ಯ. ಪರಿಣಾಮ ತಿಳಿಯದೆ ಅವರು ಹೆಜ್ಜೆ ಇಟ್ಟವರಲ್ಲ.

ಬೋರ್ಡೋ ನಗರದ ಬೀದಿಗಳಲ್ಲಿ

1940ರ ಮೇ 10ರಂದು ಜರ್ಮನ್ ಸೇನೆ ಹಾಲೆಂಡ್, ಬೆಲ್ಜಿಯಂ, ಲಕ್ಸೆಂಬರ್ಗ್ ಮತ್ತು ಫ್ರಾನ್ಸಿನ ಮೇಲೆ ನುಗ್ಗಿತು. ಲಕ್ಷಾಂತರ ಜನ ಮನೆಮಠ ಬಿಟ್ಟು ದಕ್ಷಿಣದ ಕಡೆಗೆ ಹೊರಟರು. ಕಾರು, ಎತ್ತಿನ ಗಾಡಿ, ಸೈಕಲ್ ಸಿಕ್ಕಿದವರು ಅದರಲ್ಲಿ, ಉಳಿದವರು ಕಾಲ್ನಡಿಗೆಯಲ್ಲಿ. ಜೂನ್ 14ರಂದು ಪ್ಯಾರಿಸ್ ಜರ್ಮನರ ವಶವಾಯಿತು. ಫ್ರೆಂಚ್ ಸರಕಾರವೇ ಬೋರ್ಡೋಗೆ ಓಡಿಬಂತು. ನಗರದ ರಸ್ತೆ, ಉದ್ಯಾನ, ರೈಲು ನಿಲ್ದಾಣ ಎಲ್ಲಿ ನೋಡಿದರೂ ಜನ. ಮಲಗಲು ಜಾಗವಿಲ್ಲ, ತಿನ್ನಲು ಆಹಾರವಿಲ್ಲ.

ಅಲ್ಲಿಂದ ಹೊರಹೋಗಲು ಉಳಿದಿದ್ದ ದಾರಿ ಮುಖ್ಯವಾಗಿ ಒಂದೇ. ಸ್ಪೇನ್ ದಾಟಿ ಪೋರ್ಚುಗಲ್ ಸೇರುವುದು, ಲಿಸ್ಬನ್ ಬಂದರಿನಿಂದ ಹಡಗು ಹತ್ತಿ ಅಮೆರಿಕ ಮುಂತಾದ ದೂರದ ದೇಶಗಳಿಗೆ ಹೋಗುವುದು. ಆದರೆ ತನ್ನ ನೆಲದ ಮೂಲಕ ಹಾದುಹೋಗಲು ಸ್ಪೇನ್ ಅನುಮತಿ ಕೊಡಬೇಕಾದರೆ ಕೈಯಲ್ಲಿ ಪೋರ್ಚುಗಲಿನ ವೀಸಾ ಇರಬೇಕಿತ್ತು. ಹಾಗಾಗಿ ಗರೋನ್ ನದಿಯ ದಂಡೆಯಲ್ಲಿದ್ದ ಪೋರ್ಚುಗಲ್ ಕಾನ್ಸುಲೇಟಿನ ಬಾಗಿಲಿಗೆ ಜನರ ಪ್ರವಾಹ ಹರಿದುಬಂತು. ಮೆಟ್ಟಿಲುಗಳ ಮೇಲೆ, ರಸ್ತೆಯಲ್ಲಿ, ಹಗಲು ರಾತ್ರಿ ಜನ ಸಾಲಿನಲ್ಲಿ ನಿಂತರು. ವಯಸ್ಸಾದವರು, ರೋಗಿಗಳು, ಗರ್ಭಿಣಿಯರನ್ನು ಕಾನ್ಸುಲ್ ತಮ್ಮ ಮನೆಯೊಳಗೇ ಸೇರಿಸಿಕೊಂಡರು. ಕುರ್ಚಿ, ನೆಲ, ಜಮಖಾನೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಅವರು ಮಲಗುತ್ತಿದ್ದರು.

ಈ ದಿನಗಳಲ್ಲೇ ಅವರಿಗೆ ಪರಿಚಯವಾದವರು ಚೈಮ್ ಕ್ರೂಗರ್ ಎಂಬ ಯೆಹೂದ್ಯ ಧರ್ಮಗುರು. ಪೋಲೆಂಡ್ ಮೂಲದ ಅವರು ಪತ್ನಿ ಮತ್ತು ಐವರು ಮಕ್ಕಳೊಂದಿಗೆ ಬೆಲ್ಜಿಯಂನಿಂದ ಓಡಿಬಂದಿದ್ದರು. ಅರಿಸ್ಟಿಡಿಸ್ ಆ ಕುಟುಂಬವನ್ನು ಮನೆಗೆ ಕರೆತಂದು ಆಶ್ರಯ ಕೊಟ್ಟರು. ಅವರಿಗೆ ಮತ್ತು ಇನ್ನು ಕೆಲವರಿಗೆ ವೀಸಾ ನೀಡಲು ಅನುಮತಿ ಕೋರಿ ಲಿಸ್ಬನ್ನಿಗೆ ತಂತಿ ಕಳುಹಿಸಿದರು. ಉತ್ತರ ಬಂದದ್ದು ಆಗದು ಎಂದು. ಆಗ ಅವರು ತಮ್ಮ ಜವಾಬ್ದಾರಿಯಲ್ಲೇ ಕ್ರೂಗರ್ ಕುಟುಂಬಕ್ಕೆ ವೀಸಾ ಕೊಡಲು ಮುಂದಾದರು. ಆದರೆ ಕ್ರೂಗರ್ ಒಪ್ಪಲಿಲ್ಲ. ಹೊರಗೆ ಬೀದಿಯಲ್ಲಿ ನಿಂತಿರುವ ತಮ್ಮ ಜನರನ್ನು ಬಿಟ್ಟು ತಾವೊಬ್ಬರೇ ಪಾರಾಗಲಾರೆ ಎಂದುಬಿಟ್ಟರು.

ಒಬ್ಬರಿಗೆ ಸಹಾಯ ಮಾಡಿ ಸಮಾಧಾನ ಪಟ್ಟುಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು. ಕೊಡುವುದಾದರೆ ಎಲ್ಲರಿಗೂ ಕೊಡಬೇಕು, ಇಲ್ಲವಾದರೆ ಬಾಗಿಲು ಹಾಕಬೇಕು.

ಮೂರು ದಿನಗಳ ಸಂಕಟ

ಅರಿಸ್ಟಿಡಿಸ್ ಹಾಸಿಗೆ ಹಿಡಿದರು. ಸುಮಾರು ಮೂರು ದಿನ ಕೋಣೆಯಿಂದ ಹೊರಬರಲಿಲ್ಲ. ಮೈ ಬೆವರುತ್ತಿತ್ತು, ನರಳುತ್ತಿದ್ದರು, ಮಗ್ಗುಲು ಬದಲಿಸುತ್ತಿದ್ದರು ಎಂದು ಮನೆಯವರು ಅನಂತರ ನೆನಪಿಸಿಕೊಂಡಿದ್ದಾರೆ. ಒಂದು ಕಡೆ ಸರಕಾರದ ಆಜ್ಞೆ, ಮೂವತ್ತು ವರ್ಷಗಳ ಸೇವೆ, ತಮ್ಮನ್ನೇ ನಂಬಿಕೊಂಡಿದ್ದ ಹೆಂಡತಿ ಮಕ್ಕಳು. ಇನ್ನೊಂದು ಕಡೆ ಕಿಟಕಿಯಿಂದ ಕಾಣುತ್ತಿದ್ದ ಆ ಜನರ ಮುಖಗಳು. ವಿಧೇಯತೆಯೂ ಒಂದು ಸದ್ಗುಣವೆಂದು ಕಲಿತು ಬೆಳೆದ ಕಥೋಲಿಕರು ಅವರು. ಮೇಲಿನವರ ಮಾತು ಮೀರುವುದು ಅವರಿಗೆ ಸುಲಭದ ವಿಷಯವಾಗಿರಲಿಲ್ಲ.

ಜೂನ್ 17ರಂದು ಫ್ರಾನ್ಸಿನ ಹೊಸ ಪ್ರಧಾನಿ ಮಾರ್ಷಲ್ ಪೆತಾಂ ಯುದ್ಧ ನಿಲ್ಲಿಸುವ ಮಾತನ್ನು ರೇಡಿಯೊದಲ್ಲಿ ಆಡಿದರು. ಇನ್ನು ಉಳಿದಿರುವುದು ಕೆಲವೇ ದಿನಗಳು ಎಂಬುದು ಎಲ್ಲರಿಗೂ ಗೊತ್ತಾಯಿತು. ಅರಿಸ್ಟಿಡಿಸ್ ಎದ್ದು, ಮುಖ ತೊಳೆದು, ಬಟ್ಟೆ ಬದಲಿಸಿ ಕಛೇರಿಯ ಬಾಗಿಲು ತೆರೆದರು. ರಾಷ್ಟ್ರೀಯತೆ, ಜನಾಂಗ, ಧರ್ಮ ಯಾವುದನ್ನೂ ನೋಡದೆ ಕೇಳಿದವರಿಗೆಲ್ಲ ವೀಸಾ ಕೊಡುವುದಾಗಿ ಹೇಳಿದರು. ಮನುಷ್ಯರ ಜೊತೆ ನಿಂತು ದೇವರಿಗೆ ಎದುರಾಗುವುದಕ್ಕಿಂತ ದೇವರ ಜೊತೆ ನಿಂತು ಮನುಷ್ಯರಿಗೆ ಎದುರಾಗುವುದೇ ಮೇಲು ಎಂಬುದು ಅವರು ಮುಟ್ಟಿದ ತೀರ್ಮಾನವಾಗಿತ್ತು. ಹೆಂಡತಿ ಆಂಜೆಲಿನಾ ಅವರ ಜೊತೆಗೆ ನಿಂತರು. ಹೊರಗೆ ಕಾದಿದ್ದ ನಿರಾಶ್ರಿತರಿಗೆ ಅಡುಗೆ ಮಾಡಿ ಬಡಿಸುವ, ಅಸ್ವಸ್ಥರನ್ನು ನೋಡಿಕೊಳ್ಳುವ ಹೊಣೆಯನ್ನು ಅವರು ಹೊತ್ತರು.

ಕಛೇರಿಯ ಕೆಲಸ ಕಾರ್ಖಾನೆಯಂತೆ ನಡೆಯಿತು. ಕ್ರೂಗರ್ ಕೋಟು ಟೋಪಿ ಇಲ್ಲದೆ ಬೀದಿಗಿಳಿದು ಪಾಸ್‌ಪೋರ್ಟುಗಳನ್ನು ಕಟ್ಟುಕಟ್ಟಾಗಿ ಸಂಗ್ರಹಿಸಿ ತರುತ್ತಿದ್ದರು. ಇಬ್ಬರು ಗಂಡುಮಕ್ಕಳು, ಕಛೇರಿಯ ಕಾರ್ಯದರ್ಶಿ ಮೊಹರು ಒತ್ತುವ ಕೆಲಸಕ್ಕೆ ನೆರವಾದರು. ಮೊದಲಿಗೆ ಹೆಸರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯುತ್ತಿದ್ದರು, ಶುಲ್ಕ ಪಡೆಯುತ್ತಿದ್ದರು. ಜನ ಹೆಚ್ಚಿದಂತೆ ಅದೆಲ್ಲವನ್ನೂ ಕೈಬಿಟ್ಟರು. ಸಮಯ ಉಳಿಸಲು ಕಾನ್ಸುಲರ ಉದ್ದ ಸಹಿ ಕ್ರಮೇಣ ಕಿರಿದಾಗಿ ಬರೀ ಮೆಂಡಿಸ್ ಎಂಬ ಒಂದು ಪದವಾಯಿತು. ಊಟಕ್ಕೂ ಏಳದೆ ರಾತ್ರಿಯವರೆಗೆ ಅವರು ಸಹಿ ಹಾಕುತ್ತಲೇ ಇದ್ದರು.

ಗಡಿಯತ್ತ

ಜೂನ್ 19ರ ರಾತ್ರಿ ಜರ್ಮನ್ ವಿಮಾನಗಳು ಬೋರ್ಡೋ ಮೇಲೆ ಬಾಂಬ್ ಹಾಕಿದವು. ಜನ ಇನ್ನೂ ದಕ್ಷಿಣಕ್ಕೆ, ಸ್ಪೇನಿನ ಗಡಿಯ ಬಳಿಯಿರುವ ಬಯೋನ್ ಪಟ್ಟಣದ ಕಡೆಗೆ ಓಡಿದರು. ಅಲ್ಲಿನ ಪೋರ್ಚುಗಲ್ ಉಪಕಾನ್ಸುಲ್ ಸುತ್ತೋಲೆಯನ್ನು ಮೀರಲು ಸಿದ್ಧರಿರಲಿಲ್ಲ. ಅರಿಸ್ಟಿಡಿಸ್ ಸ್ವತಃ ಅಲ್ಲಿಗೆ ಹೋದರು. ತಾನಿನ್ನೂ ಮೇಲಧಿಕಾರಿ ಎಂದು ತಿಳಿಸಿ, ಅಲ್ಲಿಯೂ ಎಲ್ಲರಿಗೂ ವೀಸಾ ಕೊಡುವ ಏರ್ಪಾಡು ಮಾಡಿದರು. ತುಲೂಸ್ ನಗರದ ಉಪಕಾನ್ಸುಲರಿಗೂ ಹಾಗೆಯೇ ಮಾಡಲು ಸೂಚಿಸಿದರು. ಗಡಿ ಊರಾದ ಎಂಡಾಯ್‌ನಲ್ಲಿ ಬೀದಿಯಲ್ಲಿ ನಿಂತೇ, ಕೈಗೆ ಸಿಕ್ಕಿದ ಕಾಗದದ ಮೇಲೂ ಅವರು ಸಹಿ ಹಾಕಿ ಕೊಟ್ಟರೆಂದು ಬದುಕುಳಿದವರು ಹೇಳಿದ್ದಾರೆ.

ಜೂನ್ 22ರಂದು ಫ್ರಾನ್ಸ್ ಜರ್ಮನಿಯೊಂದಿಗೆ ಕದನವಿರಾಮ ಒಪ್ಪಂದಕ್ಕೆ ಸಹಿ ಹಾಕಿತು. ಇತ್ತ ಲಿಸ್ಬನ್ನಿಗೆ ದೂರುಗಳು ತಲುಪಿದ್ದವು. ಸ್ಪೇನಿನಲ್ಲಿದ್ದ ಪೋರ್ಚುಗಲ್ ರಾಯಭಾರಿ ತೆಓತೊನಿಯೊ ಪೆರೇರ ಗಡಿಗೆ ಧಾವಿಸಿ ಬಂದರು. ಅರಿಸ್ಟಿಡಿಸ್ ಬುದ್ಧಿ ಸ್ತಿಮಿತದಲ್ಲಿಲ್ಲ ಎಂಬ ಅಭಿಪ್ರಾಯಕ್ಕೆ ಅವರು ಬಂದರು. ಬೋರ್ಡೋ ಕಾನ್ಸುಲ್ ಕೊಟ್ಟ ವೀಸಾಗಳಿಗೆ ಬೆಲೆಯಿಲ್ಲವೆಂದು ಸ್ಪೇನಿನ ಅಧಿಕಾರಿಗಳಿಗೆ ತಿಳಿಸಲಾಯಿತು. ಕಾನ್ಸುಲರ ಅಧಿಕಾರವನ್ನು ಕಿತ್ತುಕೊಂಡು ತಾಯ್ನಾಡಿಗೆ ಮರಳುವಂತೆ ಸಲಝಾರ್ ಆಜ್ಞೆ ಹೊರಡಿಸಿದರು.

ಮುಖ್ಯ ಸೇತುವೆಯಲ್ಲಿ ನಿರಾಶ್ರಿತರನ್ನು ತಡೆದಾಗ ಅರಿಸ್ಟಿಡಿಸ್ ಒಂದು ಗುಂಪನ್ನು ತಮ್ಮ ಕಾರಿನ ಹಿಂದೆಯೇ ಬರುವಂತೆ ಹೇಳಿ, ದೂರವಾಣಿ ಇಲ್ಲದ ಒಂದು ಸಣ್ಣ ಗಡಿಠಾಣೆಯ ಕಡೆಗೆ ಕರೆದೊಯ್ದರು ಎಂಬ ಪ್ರಸಂಗವನ್ನು ಅವರ ಜೀವನ ಚರಿತ್ರೆಗಳು ಹೇಳುತ್ತವೆ. ಹೊಸ ಆದೇಶ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. ಗೇಟು ತೆರೆಯಿತು, ಜನ ದಾಟಿದರು. ಜೂನ್ ತಿಂಗಳು ಮುಗಿಯುವ ಮೊದಲೇ ಆ ಪ್ರದೇಶವೆಲ್ಲ ಜರ್ಮನರ ವಶವಾಯಿತು.

ಪಾರಾದವರು ಯಾರು? ಎಷ್ಟು ಮಂದಿ?

ಹೆಚ್ಚಿನವರು ಹೆಸರಿಲ್ಲದ ಸಾಮಾನ್ಯ ಜನ. ದರ್ಜಿಗಳು, ವಜ್ರದ ವ್ಯಾಪಾರಿಗಳು, ವೈದ್ಯರು, ಶಾಲಾ ಮಕ್ಕಳು. ಖ್ಯಾತನಾಮರೂ ಇದ್ದರು. ಚಿತ್ರಕಾರ ಸಾಲ್ವಡೋರ್ ಡಾಲಿ ಅವರಲ್ಲೊಬ್ಬರು. ಆಸ್ಟ್ರಿಯಾದ ಕೊನೆಯ ಸಾಮ್ರಾಟ ಕಾರ್ಲ್ ಅವರ ಪತ್ನಿ ಝೀಟಾ ಮತ್ತು ಮಗ ಒಟ್ಟೊ ಸಹಿತ ಆ ರಾಜಕುಟುಂಬಕ್ಕೂ ವೀಸಾ ಸಿಕ್ಕಿತು. ಹಿಟ್ಲರನನ್ನು ಬಹಿರಂಗವಾಗಿ ವಿರೋಧಿಸಿದ್ದ ಒಟ್ಟೊ ಜರ್ಮನರಿಗೆ ಬೇಕಾದ ವ್ಯಕ್ತಿಯಾಗಿದ್ದರು. ಅವರ ತಂದೆ ಕಾರ್ಲ್ ಅವರನ್ನು ಜಗದ್ಗುರು ಎರಡನೇ ಜಾನ್ ಪಾಲ್ 2004ರಲ್ಲಿ ಪುನೀತರೆಂದು ಘೋಷಿಸಿದ್ದು ನಮ್ಮ ಓದುಗರಿಗೆ ನೆನಪಿರಬಹುದು.

ಸಂಖ್ಯೆಯ ವಿಷಯದಲ್ಲಿ ಒಂದು ಮಾತು ಹೇಳಬೇಕು. ಒಟ್ಟು 30,000 ಜನ, ಅವರಲ್ಲಿ 10,000 ಯೆಹೂದ್ಯರು ಎಂಬ ಲೆಕ್ಕ ಬಹಳ ಕಡೆ ಕಾಣಸಿಗುತ್ತದೆ. ಕಾನ್ಸುಲೇಟಿನ ದಾಖಲೆ ಪುಸ್ತಕದಲ್ಲಿರುವ ಹೆಸರುಗಳು ಅಷ್ಟಿಲ್ಲವೆಂದು ಕೆಲವು ಇತಿಹಾಸಕಾರರು ಆಕ್ಷೇಪ ಎತ್ತಿದ್ದಾರೆ. ಕೊನೆಯ ದಿನಗಳಲ್ಲಿ ಎಲ್ಲರ ಹೆಸರನ್ನು ಬರೆದಿಡಲಿಲ್ಲ, ಒಂದೇ ವೀಸಾದಲ್ಲಿ ಇಡೀ ಕುಟುಂಬ ದಾಟಿದ್ದೂ ಇದೆ. ಹಾಗಾಗಿ ನಿಖರ ಲೆಕ್ಕ ಸಿಗುವುದು ಕಷ್ಟ. ಸಾವಿರಾರು ಎಂಬುದರಲ್ಲಿ ಮಾತ್ರ ಯಾರಿಗೂ ಸಂದೇಹವಿಲ್ಲ. ಗಡಿ ದಾಟಿದವರು ವಿಲಾರ್ ಫೊರ್ಮೋಸೊ ಎಂಬ ಗಡಿ ಊರಿನ ಮೂಲಕ ಪೋರ್ಚುಗಲ್ ಪ್ರವೇಶಿಸಿದರು. ಅಲ್ಲಿನ ಹಳ್ಳಿಗರು ಅವರಿಗೆ ಬ್ರೆಡ್ಡು, ಸೂಪು ಕೊಟ್ಟು ಉಪಚರಿಸಿದರು. 2017ರಲ್ಲಿ ಅದೇ ರೈಲು ನಿಲ್ದಾಣದ ಬಳಿ ಅವರ ನೆನಪಿಗಾಗಿ ವಸ್ತುಸಂಗ್ರಹಾಲಯ ತೆರೆಯಲಾಗಿದೆ.

ತೆತ್ತ ಬೆಲೆ

ಜುಲೈ ತಿಂಗಳಲ್ಲಿ ಅರಿಸ್ಟಿಡಿಸ್ ಊರಿಗೆ ಮರಳಿದರು. ಶಿಸ್ತುಕ್ರಮದ ವಿಚಾರಣೆ ಶುರುವಾಯಿತು. ತಮ್ಮ ಉದ್ದೇಶ ಮಾನವೀಯತೆ ಮಾತ್ರವಾಗಿತ್ತು, ಅಷ್ಟೊಂದು ಜನರ ಸಂಕಟವನ್ನು ಕಣ್ಣಾರೆ ಕಂಡು ಸುಮ್ಮನಿರಲು ಸಾಧ್ಯವಿರಲಿಲ್ಲ ಎಂದು ಅವರು ಸಮರ್ಥನೆ ಕೊಟ್ಟರು. 1940ರ ಅಕ್ಟೋಬರ್ 30ರಂದು ತೀರ್ಪು ಹೊರಬಂತು. ವಿಚಾರಣಾ ಮಂಡಳಿ ಹಿಂಬಡ್ತಿಯ ಶಿಕ್ಷೆ ಸಾಕೆಂದಿತ್ತು. ಸಲಝಾರ್ ಅದನ್ನು ಹೆಚ್ಚಿಸಿದರು. ಒಂದು ವರ್ಷ ಅರ್ಧ ಸಂಬಳದಲ್ಲಿ ಕೆಲಸವಿಲ್ಲದೆ ಕೂರಬೇಕು, ಅನಂತರ ಕಡ್ಡಾಯ ನಿವೃತ್ತಿ. ವಿಪರ್ಯಾಸವೆಂದರೆ, ನಿರಾಶ್ರಿತರಿಗೆ ಆಶ್ರಯ ಕೊಟ್ಟ ದೇಶವೆಂದು ಪೋರ್ಚುಗಲಿಗೆ ಹೊರಗಿನಿಂದ ಹೊಗಳಿಕೆ ಬಂದಾಗ ಆ ಕೀರ್ತಿ ಸರಕಾರದ ಪಾಲಾಯಿತು.

ಸಂಸಾರ ಕುಸಿಯುತ್ತಾ ಬಂತು. ಮಕ್ಕಳಿಗೆ ದೇಶದಲ್ಲಿ ಉದ್ಯೋಗದ ಬಾಗಿಲುಗಳು ಮುಚ್ಚಿದವು. ಸ್ನೇಹಿತರು ದೂರವಾದರು. ಮನೆಯ ಸಾಮಾನುಗಳು ಒಂದೊಂದಾಗಿ ಮಾರಾಟವಾದವು, ಬಂಗಲೆ ಸಾಲಕ್ಕೆ ಅಡವು ಬಿತ್ತು. ಲಿಸ್ಬನ್ನಿನಲ್ಲಿ ಯೆಹೂದ್ಯ ಸಮುದಾಯ ನಿರಾಶ್ರಿತರಿಗಾಗಿ ನಡೆಸುತ್ತಿದ್ದ ಗಂಜಿಕೇಂದ್ರದಲ್ಲಿ ಈ ಹಿಂದಿನ ಕಾನ್ಸುಲ್ ಜನರಲ್ ಮಕ್ಕಳೊಂದಿಗೆ ಊಟಕ್ಕೆ ಕುಳಿತ ದಿನಗಳಿದ್ದವು. ಆ ಊಟದ ಮನೆ ನಿರಾಶ್ರಿತರಿಗೆ ಮಾತ್ರ ಎಂದು ಅಲ್ಲಿ ಯಾರೋ ನೆನಪಿಸಿದಾಗ, ತಾವೂ ನಿರಾಶ್ರಿತರೇ ಎಂಬ ಉತ್ತರ ಈ ಕುಟುಂಬದಿಂದ ಬಂತಂತೆ. ಮಕ್ಕಳು ಒಬ್ಬೊಬ್ಬರಾಗಿ ಅಮೆರಿಕ, ಕೆನಡಾ, ಆಫ್ರಿಕಾ ಎಂದು ಚದುರಿಹೋದರು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದ ಇಬ್ಬರು ಗಂಡುಮಕ್ಕಳು ಅಮೆರಿಕದ ಸೇನೆ ಸೇರಿ ಹಿಟ್ಲರನ ವಿರುದ್ಧ ಹೋರಾಡಿದರು.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದು ಸರಿಯಲ್ಲ. ಬೋರ್ಡೋದಲ್ಲಿದ್ದಾಗ ಅರಿಸ್ಟಿಡಿಸ್‌ರಿಗೆ ಆಂದ್ರೆ ಸಿಬಿಯಾಲ್ ಎಂಬ ಫ್ರೆಂಚ್ ಮಹಿಳೆಯೊಂದಿಗೆ ಸಂಬಂಧವಿತ್ತು. ಅವರಿಂದ ಒಬ್ಬಳು ಮಗಳೂ 1940ರಲ್ಲಿ ಹುಟ್ಟಿದಳು. ಇದು ಆಂಜೆಲಿನಾ ಅವರಿಗೂ ಮಕ್ಕಳಿಗೂ ಕೊಟ್ಟ ನೋವು ಸಣ್ಣದಲ್ಲ. 1948ರಲ್ಲಿ ಆಂಜೆಲಿನಾ ತೀರಿಕೊಂಡ ಬಳಿಕ ಅವರು ಆಂದ್ರೆಯವರನ್ನು ವಿವಾಹವಾದರು. ಧರ್ಮಸಭೆ ಅರಿಸ್ಟಿಡಿಸ್‌ರನ್ನು ಸಂತರ ಸಾಲಿಗೆ ಸೇರಿಸಿಲ್ಲ. ನಮ್ಮ ನಿಮ್ಮಂತೆಯೇ ಕುಂದುಕೊರತೆ ಇದ್ದ ಮನುಷ್ಯ ಅವರು. ಸಾವಿರಾರು ಜನರ ಪ್ರಾಣ ಅವರ ಕೈಯಲ್ಲಿದ್ದಾಗ ಆ ಕುಂದುಗಳು ಅವರನ್ನು ತಡೆಯಲಿಲ್ಲ. ಆ ಒಳ್ಳೆಯ ಕೆಲಸ ಅವರ ಕುಂದುಗಳನ್ನು ಇಲ್ಲವಾಗಿಸಿತು ಎಂದೂ ನಾವು ಹೇಳಬೇಕಾಗಿಲ್ಲ. ಎರಡೂ ಒಬ್ಬರದೇ ಬದುಕಿನ ಭಾಗ.

1945ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಯುದ್ಧ ಮುಗಿದ ಬಳಿಕ ತಮಗಾದ ಅನ್ಯಾಯ ಸರಿಪಡಿಸಬೇಕೆಂದು ಸಂಸತ್ತಿಗೆ ಮನವಿ ಬರೆದರೂ ಪ್ರಯೋಜನವಾಗಲಿಲ್ಲ. 1954ರ ಏಪ್ರಿಲ್ 3ರಂದು ಲಿಸ್ಬನ್ನಿನ ಫ್ರಾನ್ಸಿಸ್ಕನ್ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಅವರನ್ನು ಫ್ರಾನ್ಸಿಸ್ಕನ್ ಸನ್ಯಾಸಿಗಳ ನಿಲುವಂಗಿಯಲ್ಲಿ ಸಮಾಧಿ ಮಾಡಲಾಯಿತು. ತಾನು ಮಾಡಿದ್ದಕ್ಕೆ ಅವರು ಕೊನೆಯವರೆಗೂ ಪಶ್ಚಾತ್ತಾಪ ಪಡಲಿಲ್ಲ. ತಮ್ಮ ಹೆಸರಿಗೆ ಅಂಟಿದ ಕಳಂಕವನ್ನು ತೊಡೆಯಬೇಕೆಂಬ ಆಸೆಯನ್ನು ಮಾತ್ರ ಮಕ್ಕಳಿಗೆ ಬಿಟ್ಟುಹೋದರು.

ತಡವಾಗಿ ಬಂದ ನ್ಯಾಯ

ಮಕ್ಕಳು ಆ ಮಾತನ್ನು ಮರೆಯಲಿಲ್ಲ. ಮಗಳು ಜುವಾನಾ ಇಸ್ರೇಲಿನ ಪ್ರಧಾನಿ ಡೇವಿಡ್ ಬೆನ್ ಗುರಿಯನ್ ಅವರಿಗೆ ಪತ್ರ ಬರೆದರು. 1961ರಲ್ಲಿ ಇಸ್ರೇಲಿನಲ್ಲಿ ಅವರ ನೆನಪಿಗೆ ಇಪ್ಪತ್ತು ಗಿಡಗಳನ್ನು ನೆಡಲಾಯಿತು. 1966ರಲ್ಲಿ ಜೆರುಸಲೇಮಿನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆ ಅವರನ್ನು ರಾಷ್ಟ್ರಗಳ ನಡುವಿನ ನೀತಿವಂತರ ಸಾಲಿಗೆ ಸೇರಿಸಿತು. ಯೆಹೂದ್ಯರನ್ನು ಉಳಿಸಿದ ಅನ್ಯಧರ್ಮೀಯರಿಗೆ ಸಲ್ಲುವ ಗೌರವ ಅದು. ಆದರೆ ತಾಯ್ನಾಡಿನಲ್ಲಿ ಸಲಝಾರರು ಕಟ್ಟಿದ ಆಡಳಿತ 1974ರ ಏಪ್ರಿಲ್ 25ರ ಕ್ರಾಂತಿಯವರೆಗೆ ಮುಂದುವರಿಯಿತು. ಅಲ್ಲಿಯವರೆಗೆ ಅವರ ಕಡತ ಮುಚ್ಚಿಯೇ ಇತ್ತು.

1987ರಲ್ಲಿ ಅಧ್ಯಕ್ಷ ಮಾರಿಯೊ ಸೊವಾರಿಸ್ ಕುಟುಂಬದವರಿಗೆ ಸ್ವಾತಂತ್ರ್ಯ ಪದಕ ನೀಡಿ ಕ್ಷಮೆ ಕೇಳಿದರು. 1988ರಲ್ಲಿ ಪೋರ್ಚುಗಲ್ ಸಂಸತ್ತು ಸರ್ವಾನುಮತದಿಂದ ಆರೋಪಗಳನ್ನೆಲ್ಲ ರದ್ದುಗೊಳಿಸಿ, ಮರಣೋತ್ತರವಾಗಿ ಅವರಿಗೆ ರಾಯಭಾರಿ ಪದವಿ ಕೊಟ್ಟಿತು. 2020ರ ಜೂನ್ 17ರಂದು, ಆ ತೀರ್ಮಾನಕ್ಕೆ 80 ವರ್ಷ ತುಂಬಿದ ದಿನ, ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್ ತಮ್ಮ ಬುಧವಾರದ ಭೇಟಿಯ ಸಂದರ್ಭದಲ್ಲಿ ಅರಿಸ್ಟಿಡಿಸ್‌ರನ್ನು ಸ್ಮರಿಸಿದರು. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲೆಡೆ ಗೌರವಿಸಲ್ಪಡಬೇಕು, ಪ್ರತಿಯೊಬ್ಬ ಕ್ರೈಸ್ತನೂ ಶುಭಸಂದೇಶದ ಬೆಳಕಿನಲ್ಲಿ ಬೆಳೆದ ಆತ್ಮಸಾಕ್ಷಿಯಂತೆ ನಡೆದು ಮಾದರಿಯಾಗಬೇಕು ಎಂಬುದು ಅವರ ಮಾತಿನ ಆಶಯವಾಗಿತ್ತು. 2021ರ ಅಕ್ಟೋಬರ್ 19ರಂದು ಲಿಸ್ಬನ್ನಿನ ರಾಷ್ಟ್ರೀಯ ಸ್ಮಾರಕ ಮಂದಿರದಲ್ಲಿ ಅವರ ಹೆಸರಿನ ಫಲಕ ಅನಾವರಣಗೊಂಡಿತು. ಅವರ ಶರೀರ ಮಾತ್ರ ಹುಟ್ಟೂರಿನಲ್ಲೇ ಉಳಿದಿದೆ. ದಶಕಗಳ ಕಾಲ ಪಾಳುಬಿದ್ದಿದ್ದ ಪಸ್ಸಾಲ್ ಬಂಗಲೆ ದುರಸ್ತಿಯಾಗಿ 2024ರ ಜುಲೈ 19ರಂದು, ಅವರ ಜನ್ಮದಿನದಂದೇ, ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು.

ಅರಿಸ್ಟಿಡಿಸ್ ಒಬ್ಬರೇ ಅಲ್ಲ. ಅದೇ 1940ರ ಬೇಸಿಗೆಯಲ್ಲಿ ಲಿಥುವೇನಿಯಾದ ಕೌನಾಸ್ ನಗರದಲ್ಲಿ ಜಪಾನಿನ ಚಿಯುನೆ ಸುಗಿಹಾರ ತಮ್ಮ ಸರಕಾರದ ಸೂಚನೆ ಮೀರಿ ವೀಸಾಗಳನ್ನು ಬರೆದುಕೊಟ್ಟರು. ತುರ್ಕಿಯಲ್ಲಿ ಜಗದ್ಗುರುಗಳ ಪ್ರತಿನಿಧಿಯಾಗಿದ್ದ ಆಂಜೆಲೊ ರೊಂಕಾಲ್ಲಿ, ಮುಂದೆ ಸಂತ ಇಪ್ಪತ್ತಮೂರನೇ ಜಾನ್ ಎಂದು ನಾವು ಗೌರವಿಸುವವರು, ಯೆಹೂದ್ಯರ ಪಲಾಯನಕ್ಕೆ ನೆರವಾದರು. ಬುಡಾಪೆಸ್ಟಿನಲ್ಲಿ ಆಂಜೆಲೊ ರೊಟ್ಟಾ, ಪೋರ್ಚುಗಲಿನವರೇ ಆದ ಸಂಪಾಯೊ ಗರ್ರಿದೊ 1944ರಲ್ಲಿ ಹಲವರನ್ನು ಕಾಪಾಡಿದರು. ಆದರೆ ಆ ಕಾಲದ ಸಾವಿರಾರು ಅಧಿಕಾರಿಗಳ ನಡುವೆ ಇಂತಹವರು ಬೆರಳೆಣಿಕೆಯಷ್ಟು ಮಾತ್ರ. ಉಳಿದವರೆಲ್ಲ ಕೆಟ್ಟವರಾಗಿದ್ದರು ಎಂದಲ್ಲ. ಅವರು ಸುತ್ತೋಲೆಯನ್ನು ಓದಿದರು, ನಿಯಮ ಪಾಲಿಸಿದರು, ಸಂಜೆ ಬಾಗಿಲು ಹಾಕಿ ಮನೆಗೆ ಹೋದರು.

ನಮ್ಮ ಧರ್ಮಕೇಂದ್ರದ ಕಛೇರಿಯಲ್ಲಾಗಲಿ, ಶಾಲೆ, ಆಸ್ಪತ್ರೆ, ಸಂಘ ಸಂಸ್ಥೆಗಳಲ್ಲಾಗಲಿ ಕಾಗದಪತ್ರ ಹಿಡಿದು ಬರುವವರು ದಿನವೂ ಇರುತ್ತಾರೆ. ನಮ್ಮ ಒಂದು ಸಹಿಯಿಂದ ಯಾರದೋ ಪ್ರಾಣ ಉಳಿಯುವ ಸಂದರ್ಭ ಬಹುಶಃ ನಮಗೆ ಬರಲಿಕ್ಕಿಲ್ಲ. ಆದರೂ ದಾರಿಬದಿ ಬಿದ್ದವನನ್ನು ನೋಡಿಯೂ ಪಕ್ಕಕ್ಕೆ ಸರಿದು ಹೋದ ಇಬ್ಬರ ಬಳಿಯೂ ಏನಾದರೊಂದು ನಿಯಮ ಇದ್ದೇ ಇರಬೇಕು. ಸಮಾರಿಯದವನು ಮಾತ್ರ ಗಾಯ ನೋಡಿದ. ಬೋರ್ಡೋದ ಕಾನ್ಸುಲ್ ಜನರಲ್ ಆ ಮೂರು ದಿನ ಹಾಸಿಗೆಯಲ್ಲಿ ನರಳಿದ್ದು ಈ ಆಯ್ಕೆಗಾಗಿಯೇ. ನಾಲ್ಕನೆಯ ದಿನ ಅವರು ಎದ್ದು ಬಾಗಿಲು ತೆರೆದರು.